ಓದೋಕೆ ಬರುತ್ತೆ, ಅರ್ಥ ಆಗಲ್ಲ: ಹೈಸ್ಕೂಲ್ ಮಕ್ಕಳ ಓದಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೈಸ್ಕೂಲ್ ಮಕ್ಕಳ ಓದಿನ ಬಗ್ಗೆ ಕೇಳಿ ಅಂದಿದ್ದೆವು. ರಾಶಿ ಪತ್ರ ಬಂದಿವೆ. ಅರ್ಧಕ್ಕರ್ಧ ಪತ್ರಗಳಲ್ಲಿ ಪ್ರಶ್ನೆಯೇ ಇಲ್ಲ, 'ಈಗಿನ ಮಕ್ಕಳು ಓದಲ್ಲ' ಅನ್ನುವ ದೂರು ಮಾತ್ರ ಇದೆ. ದೂರುಗಳನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಒಂಬತ್ತನೇ ತರಗತಿಗೆ ಭಾಷೆ ಕಲಿಸುತ್ತೇನೆ. ಒಬ್ಬ ಹುಡುಗ ಇಡೀ ಪಾಠವನ್ನು ಎಲ್ಲೂ ತಡವರಿಸದೆ ಜೋರಾಗಿ ಓದುತ್ತಾನೆ. ಪುಸ್ತಕ ಮುಚ್ಚಿಸಿ 'ಏನು ಓದಿದೆ, ಹೇಳು' ಅಂದರೆ ಮುಖ ಮುಖ ನೋಡುತ್ತಾನೆ. ಇಂಥವರು ಐದಾರು ಜನ ಇದ್ದಾರೆ. ಗಮನ ಇಲ್ಲ ಅಂತ ಬೈಯಬೇಕೋ, ಬೇರೆ ಏನಾದರೂ ಮಾಡಬೇಕೋ? (ಭಾಷಾ ಶಿಕ್ಷಕಿ)

ಉತ್ತರ: ಬೈಯಬೇಡಿ ಮೇಡಂ. ಅವನು ನೀವು ಹೇಳಿದ್ದನ್ನೇ ಮಾಡಿದ್ದಾನೆ. ಓದು ಅಂದಿರಿ, ಓದಿದ. ಓದುವಾಗ ತಲೆಯೊಳಗೆ ಇನ್ನೊಂದು ಕೆಲಸವೂ ನಡೀತಾ ಇರಬೇಕು ಅಂತ ಅವನಿಗೆ ಯಾರೂ ತೋರಿಸಿಕೊಟ್ಟಿರಲಿಕ್ಕಿಲ್ಲ.

ಈ ವಾಕ್ಯ ನೋಡಿ: 'ಗಿಂಬಲವು ಬೆಳಗ್ಗೆ ತೋಪಟೆಯನ್ನು ಜರಕಿಸಿತು.' ಗಿಂಬಲವು ಏನನ್ನು ಜರಕಿಸಿತು? ತೋಪಟೆಯನ್ನು. ಯಾವಾಗ? ಬೆಳಗ್ಗೆ. ಎರಡಕ್ಕೆ ಎರಡೂ ಸರಿ, ಪೂರ್ತಿ ಅಂಕ! ಗಿಂಬಲ ಅಂದರೆ ಏನು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಈಗ ತಾನೇ ಸುಮ್ನೆ ಹುಟ್ಟಿಸಿದ ಪದ ಅದು. ವಿಭಕ್ತಿ ಪ್ರತ್ಯಯ ನೋಡಿಕೊಂಡು ಉತ್ತರ ಹೇಳಿಬಿಡಬಹುದು. ಪಾಠದ ಕೊನೆಯಲ್ಲಿರುವ 'ಒಂದು ವಾಕ್ಯದಲ್ಲಿ ಉತ್ತರಿಸಿ' ಪ್ರಶ್ನೆಗಳಲ್ಲಿ ಬಹಳಷ್ಟು ಈ ಜಾತಿಯವೇ. ವರ್ಷಗಟ್ಟಲೆ ಹೀಗೇ ಪಾಸಾಗಿ ಬಂದ ಮಗುವಿಗೆ, ತನಗೆ ಅರ್ಥ ಆಗುತ್ತಿಲ್ಲ ಅನ್ನುವುದೇ ತಿಳಿದಿರುವುದಿಲ್ಲ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ಬರೆದರು. ಅಕ್ಷರ ನೋಡಿ ಪದ ಗುರುತಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು, ಇವೆರಡನ್ನು ಗುಣಿಸಿದರೆ ಬರುವುದು ಓದಿನ ಗ್ರಹಿಕೆ. ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ಹಾಗಾಗಿ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಅದೇ ಮಟ್ಟದ ಬೇರೊಂದು ಪ್ಯಾರಾವನ್ನು ನೀವೇ ಅವನಿಗೆ ಓದಿ ಹೇಳಿ, ಆಮೇಲೆ ಕೇಳಿ. ನೀವು ಓದಿದಾಗ ಅರ್ಥವಾಗಿ, ಅವನೇ ಓದಿದಾಗ ಆಗದಿದ್ದರೆ ಅವನ ಶಕ್ತಿಯೆಲ್ಲ ಉಚ್ಚಾರಣೆಗೇ ಖರ್ಚಾಗುತ್ತಿದೆ ಎಂದು ಲೆಕ್ಕ. ನೀವು ಓದಿದರೂ ತಿಳಿಯದಿದ್ದರೆ ತೊಂದರೆ ಪದಗಳಲ್ಲಿದೆ, ವಿಷಯದಲ್ಲಿದೆ, ಇಲ್ಲವೇ ವಾಕ್ಯದಿಂದ ವಾಕ್ಯಕ್ಕೆ ಕೊಂಡಿ ಹಾಕುವುದರಲ್ಲಿದೆ. ನಿಮ್ಮ ಹುಡುಗ ಸರಾಗವಾಗಿ ಓದುತ್ತಾನೆ ಅಂತೀರಿ, ಆದ್ದರಿಂದ ಬಹುಶಃ ಎರಡನೆಯದೇ.

ಇದಕ್ಕೆ ನಾನು ಕಂಡ ಒಳ್ಳೆಯ ದಾರಿ ಅಂದರೆ ಓದುತ್ತಾ ಓದುತ್ತಾ ನಿಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುವುದು. ಒಂದು ಪ್ಯಾರಾ ತೆಗೆದುಕೊಳ್ಳೋಣ:

'ಮರುಭೂಮಿಯಲ್ಲಿ ಹಗಲು ಸುಡುವ ಬಿಸಿಲು. ಆದರೆ ರಾತ್ರಿ ಚಳಿ ನಡುಗಿಸುತ್ತದೆ. ಗಾಳಿಯಲ್ಲಿ ತೇವಾಂಶ ತೀರಾ ಕಡಿಮೆ ಇರುವುದೇ ಇದಕ್ಕೆ ಮುಖ್ಯ ಕಾರಣ. ಮೋಡಗಳೂ ಅಪರೂಪ. ಹೀಗಾಗಿ ಹಗಲು ನೆಲ ಹೀರಿಕೊಂಡ ಶಾಖ ರಾತ್ರಿ ತಡೆಯಿಲ್ಲದೆ ಹೊರಟುಹೋಗುತ್ತದೆ.'

ಮೊದಲ ವಾಕ್ಯ ಓದಿ ನಿಲ್ಲಿಸಿ. 'ಸರಿ, ಇದು ಗೊತ್ತಿದ್ದದ್ದೇ.' ಎರಡನೆಯದು ಓದಿ. '"ಆದರೆ" ಅಂದಿದ್ದಾರೆ. ಏನೋ ಉಲ್ಟಾ ಬರುತ್ತದೆ. ಹೌದು, ಚಳಿಯಂತೆ. ಅಷ್ಟು ಬಿಸಿಲಿರುವ ಕಡೆ ಯಾಕಪ್ಪಾ ಚಳಿ?' ಮೂರನೆಯದು. '"ಇದಕ್ಕೆ" ಅಂದರೆ ಯಾವುದಕ್ಕೆ? ಬಿಸಿಲಿಗೋ, ಚಳಿಗೋ? ನನಗೆ ಗೊತ್ತಾಗಲಿಲ್ಲ, ಮುಂದೆ ಓದಿ ನೋಡೋಣ.' ಕೊನೆಯ ವಾಕ್ಯ. '"ತಡೆಯಿಲ್ಲದೆ". ಅಂದರೆ ಬೇರೆ ಕಡೆ ಏನೋ ತಡೆ ಇರುತ್ತದೆ, ಇಲ್ಲಿ ಇಲ್ಲ. ಏನದು? ಮೇಲೆ ಹೋಗಿ ನೋಡಿದರೆ ತೇವಾಂಶ, ಮೋಡ. ಓಹೋ, ಅವು ಶಾಖವನ್ನು ತಡೆದು ಹಿಡಿಯುತ್ತವೆ! ಹಾಗಾದರೆ ಮೋಡ ಕವಿದ ರಾತ್ರಿ ಸೆಕೆ ಜಾಸ್ತಿ ಅನ್ನಿಸುವುದೂ ಇದಕ್ಕೇ ಇರಬೇಕು.'

ಗಮನಿಸಿ, 'ಮೋಡ ಶಾಖವನ್ನು ತಡೆಯುತ್ತದೆ' ಅನ್ನುವ ಮಾತು ಆ ಪ್ಯಾರಾದಲ್ಲಿ ಎಲ್ಲೂ ಇಲ್ಲ. ಓದುಗನೇ ಅದನ್ನು ಜೋಡಿಸಿಕೊಳ್ಳಬೇಕು. ಚೆನ್ನಾಗಿ ಓದುವವರು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಾರೆ, ಅದಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಓದಲು ಕಷ್ಟಪಡುವ ಮಗುವಿಗೆ ಪಕ್ಕದವನು ಏನೋ ಮಂತ್ರ ಹಾಕಿದಂತೆ ಕಾಣುತ್ತದೆ. 'ನನಗೂ ಇಲ್ಲಿ ಗೊತ್ತಾಗಲಿಲ್ಲ, ಹಿಂದೆ ಹೋಗಿ ನೋಡಿದೆ' ಅಂತ ಟೀಚರ್ ಬಾಯಲ್ಲೇ ಕೇಳಿದರೆ ಅರ್ಧ ಭಯ ಹೋಗುತ್ತದೆ.

ನೀವು ಕೆಲವು ಸಲ ಹೀಗೆ ಮಾಡಿ ತೋರಿಸಿದ ಮೇಲೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ ಅವರಿಗೇ ಬಿಡಿ. ಆನ್ ಮೇರಿ ಪಲಿಂಕ್ಸಾರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಒಂದು ವಿಧಾನ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ಪ್ಯಾರಾ ಓದುವುದು, ಸಾರಾಂಶ ಹೇಳುವುದು, ಅದರ ಮೇಲೆ ಪ್ರಶ್ನೆ ಹಾಕುವುದು, ಗೊತ್ತಾಗದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದು ಅಂತ ಊಹಿಸುವುದು. ಪ್ರತಿ ಪ್ಯಾರಾಕ್ಕೂ ಗುಂಪಿನ ಒಬ್ಬೊಬ್ಬರು ಟೀಚರ್ ಆಗುತ್ತಾರೆ. ಮೊದಮೊದಲು ಗಲಾಟೆ ಇರುತ್ತದೆ, ಸಾರಾಂಶ ಅಂತ ಇಡೀ ಪ್ಯಾರಾವನ್ನೇ ಒಪ್ಪಿಸುತ್ತಾರೆ. 'ಹತ್ತು ಪದಗಳೊಳಗೆ ಹೇಳಬೇಕು' ಅಂತ ಒಂದು ನಿಯಮ ಹಾಕಿ, ಆಟ ಬದಲಾಗುತ್ತದೆ.

ಒಂದು ಎಚ್ಚರಿಕೆ. ಇದನ್ನೇ ಹಿಡಿದುಕೊಂಡು ವರ್ಷವಿಡೀ 'ಇವತ್ತು ಊಹಿಸುವುದನ್ನು ಕಲಿಯೋಣ, ನಾಳೆ ಸಾರಾಂಶ ಕಲಿಯೋಣ' ಅಂತ ಎಳೆಯಬೇಡಿ. ಈ ಉಪಾಯಗಳು ಬೇಗ ಕೈಗೆ ಬರುತ್ತವೆ. ಆಮೇಲೆ ಬೇಕಾದದ್ದು ವಿಷಯ ಜ್ಞಾನ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬವರು ಅಮೆರಿಕದಲ್ಲಿ ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ಅದನ್ನು ನೆನಪಿಟ್ಟು ಹೇಳಿದರು. ಪಾಠ ಶುರು ಮಾಡುವ ಮುಂಚೆ ಆ ವಿಷಯದ ಬಗ್ಗೆ ಐದು ನಿಮಿಷ ಮಾತಾಡಿ, ಒಂದು ಚಿತ್ರವೋ ನಕ್ಷೆಯೋ ತೋರಿಸಿ, ಅರ್ಥಕ್ಕೆ ತೀರಾ ಬೇಕಾದ ನಾಲ್ಕೈದು ಪದಗಳನ್ನಷ್ಟೇ ಹೇಳಿಕೊಡಿ. ಇಪ್ಪತ್ತು ಪದಗಳ 'ಪದಗಳ ಅರ್ಥ' ಪಟ್ಟಿಯನ್ನು ಬೋರ್ಡಿನಿಂದ ಬರೆಸಿಕೊಳ್ಳುವುದರಿಂದ ಅಕ್ಷರ ದುಂಡಗಾಗಬಹುದು ಅಷ್ಟೇ.

ಪ್ರಶ್ನೆ: ಎಂಟನೇ ತರಗತಿಗೆ ಬಂದರೂ ಕೆಲವು ಮಕ್ಕಳು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ. ಒತ್ತಕ್ಷರ ಬಂದರೆ ನಿಂತೇಬಿಡುತ್ತಾರೆ. ಬೇರೆಯವರು ನಗುತ್ತಾರೆ, ಇವರು ಬಾಯೇ ಬಿಡಲ್ಲ. ಇಷ್ಟು ದೊಡ್ಡವರಿಗೆ ಮತ್ತೆ ಕಾಗುಣಿತ ಹೇಳಿಕೊಡುವುದಾ? (ಒಬ್ಬ ಮೇಷ್ಟ್ರು)

ಉತ್ತರ: ಬೇಕಾದಷ್ಟನ್ನು ಹೇಳಿಕೊಡಬೇಕು ಸರ್, ಆದರೆ ಎಲ್ಲರ ಮುಂದೆ ಬೇಡ, ಮೊದಲಿಂದ ಕೊನೆತನಕವೂ ಬೇಡ.

ನಮ್ಮ ಲಿಪಿ ಓದೋದಕ್ಕೆ ನೇರ, ಬರೆದದ್ದನ್ನೇ ಓದುತ್ತೇವೆ. ಆದರೆ ಕಲಿಯೋದಕ್ಕೆ ಉದ್ದ. ವರ್ಣಮಾಲೆ 49 ಅಕ್ಷರ ಅಂದರೂ ಪ್ರತಿ ವ್ಯಂಜನಕ್ಕೆ ಗುಣಿತ, ಮೇಲೆ ಒತ್ತು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನ 26 ಅಕ್ಷರದಂತೆ ಇದು ಒಂದೆರಡು ವರ್ಷದಲ್ಲಿ ಮುಗಿಯುವ ಕಲಿಕೆಯಲ್ಲ, ಮೇಲಿನ ಪ್ರಾಥಮಿಕ ತರಗತಿಗಳವರೆಗೂ ಮುಂದುವರಿಯುತ್ತದೆ ಅಂತ ತೋರಿಸಿದ್ದಾರೆ. ಶಾಲೆಗಳಲ್ಲಿ ಮಾತ್ರ ಎರಡನೇ ತರಗತಿಗೇ 'ಅಕ್ಷರ ಮುಗೀತು' ಅಂದುಬಿಡುತ್ತೇವೆ. ನಡುವೆ ಒಂದು ವರ್ಷ ತಪ್ಪಿಸಿಕೊಂಡ ಮಗು ಅಲ್ಲೇ ಉಳಿದುಬಿಡುತ್ತದೆ.

ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಒಂದು ನಿಮಿಷ ಓದಿಸಿ. ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಒಬ್ಬ 'ಅಕ್ಕ' ಓದುತ್ತಾನೆ, 'ವೈಶಿಷ್ಟ್ಯ'ದಲ್ಲಿ ಸಿಕ್ಕಿಬೀಳುತ್ತಾನೆ. ಅವನಿಗೆ ಬೇರೆ ವ್ಯಂಜನದ ಒತ್ತು ಮತ್ತು ಎರಡೆರಡು ಒತ್ತು ಕಷ್ಟ. ಇನ್ನೊಬ್ಬಳಿಗೆ ದೀರ್ಘವೇ ಕಾಣುವುದಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲು. ಮತ್ತೊಬ್ಬನಿಗೆ ಅಕ್ಷರ ಎಲ್ಲ ಗೊತ್ತು, 'ಹೋಗಬೇಕಾಗಿದ್ದರಿಂದ' ಅನ್ನುವ ಉದ್ದದ ಪದ ಕಂಡರೆ ಸುಸ್ತು. ಅವನಿಗೆ 'ಹೋಗ, ಬೇಕಾಗಿ, ಇದ್ದರಿಂದ' ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಒಡೆಯುವುದನ್ನು ತೋರಿಸಿದರೆ ಸಾಕು. ಮೂವರಿಗೂ ಸೇರಿಸಿ ಕ, ಕಾ, ಕಿ, ಕೀ ಬರೆಸಿದರೆ ಮೂವರಿಗೂ ಅವಮಾನ, ಒಬ್ಬರಿಗೂ ಉಪಯೋಗ ಇಲ್ಲ.

ಓಟ ಬರುವುದಕ್ಕೆ ಒಂದೇ ಸಣ್ಣ ಭಾಗವನ್ನು ಮತ್ತೆ ಮತ್ತೆ ಓದಿಸುವುದು ಹಳೆಯ, ನಂಬಬಹುದಾದ ವಿಧಾನ. ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಇದರ ಬಗ್ಗೆ ಬರೆದದ್ದು ಇವತ್ತಿಗೂ ಬಳಕೆಯಲ್ಲಿದೆ. ನೂರು ಪದಗಳ ಒಂದು ತುಣುಕು ಸಾಕು. ಮೊದಲು ನೀವು ಓದಿ, ಅವನು ಬೆರಳಿಟ್ಟು ನೋಡಲಿ. ಆಮೇಲೆ ಇಬ್ಬರೂ ಒಟ್ಟಿಗೆ. ಆಮೇಲೆ ಅವನೊಬ್ಬನೇ, ಮೂರು ನಾಲ್ಕು ಸಲ. ಎಷ್ಟು ಹೊತ್ತು ಹಿಡಿಯಿತು ಅಂತ ಅವನೇ ಬರೆದುಕೊಳ್ಳಲಿ. ನಿನ್ನೆಗಿಂತ ಇವತ್ತು ಬೇಗ ಆಯಿತು ಅಂತ ಕಣ್ಣಾರೆ ಕಂಡರೆ ನೀವು ಹುರಿದುಂಬಿಸುವ ಅಗತ್ಯವೇ ಬೀಳುವುದಿಲ್ಲ.

ತುಣುಕು ಮಾತ್ರ ಅವನ ವಯಸ್ಸಿನದ್ದಾಗಿರಲಿ. ಹದಿಮೂರರ ಹುಡುಗನ ಕೈಗೆ ಮೊಲ ಆಮೆಯ ಕಥೆ ಕೊಟ್ಟರೆ ಅವನು ಪುಸ್ತಕ ಮುಚ್ಚುವುದೇ ಸರಿ. ಗಗನಯಾನ, ಹಾವು, ಬೈಕಿನ ಎಂಜಿನ್, ಅವನಿಗೆ ಯಾವುದು ಇಷ್ಟವೋ ಅದರ ಬಗ್ಗೆ ಸರಳ ವಾಕ್ಯಗಳಲ್ಲಿ ನೀವೇ ಅರ್ಧ ಪುಟ ಬರೆದುಕೊಡಿ. ಹಾಗೇ, ಓದು ನಿಧಾನ ಇದೆ ಅಂತ ಅವನನ್ನು ಪಾಠದಿಂದಲೇ ಹೊರಗಿಡಬೇಡಿ. ಪಕ್ಕದವರು ಓದಿದ್ದನ್ನು ಕೇಳಿಸಿಕೊಂಡು ಚರ್ಚೆಯಲ್ಲಿ ಮಾತಾಡಲಿ. ಓದು ನಿಧಾನ ಅಂತ ತಲೆಯೂ ನಿಧಾನ ಇರಬೇಕಿಲ್ಲ.

ಕಣ್ಣು, ಕಿವಿ ಒಮ್ಮೆ ತೋರಿಸಲು ಪೋಷಕರಿಗೆ ಹೇಳಿ. ಇಷ್ಟೆಲ್ಲ ಕೆಲವು ತಿಂಗಳು ಬಿಡದೆ ಮಾಡಿದರೂ ಅಲುಗಾಡದಿದ್ದರೆ ಡಿಸ್‌ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕೆಯ ತೊಂದರೆ, ಇರಬಹುದು, ತಜ್ಞರ ಹತ್ತಿರ ಕಳಿಸಿ. 'ಸೋಮಾರಿ' ಅನ್ನುವ ಹಣೆಪಟ್ಟಿ ಅಂಟಿಸುವುದಕ್ಕೆ ಮುಂಚೆ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ಸಮಾಜ ವಿಜ್ಞಾನದ ಒಂದೊಂದು ಪಾಠ ಮೂರು ಸಲ ಓದುತ್ತೇನೆ, ಮುಖ್ಯವಾದದ್ದಕ್ಕೆಲ್ಲ ಹೈಲೈಟರ್ ಹಾಕುತ್ತೇನೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಟೆಸ್ಟಲ್ಲಿ ಏನೂ ನೆನಪಾಗಲ್ಲ. ಯಾಕೆ? (ವಿದ್ಯಾರ್ಥಿನಿ)

ಉತ್ತರ: ನಿನ್ನ ಪುಸ್ತಕದಲ್ಲಿ ಈಗ ಹಳದಿ ಬಣ್ಣ ಇಲ್ಲದ ಸಾಲು ಹುಡುಕಬೇಕು ಅಲ್ವಾ? ಎಲ್ಲ ಮುಖ್ಯ ಅಂದರೆ ಯಾವುದೂ ಮುಖ್ಯ ಅಲ್ಲ. ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿನಲ್ಲೇ ನಿಂತವು.

ಕಾರಣ ಇಷ್ಟೇ. ಮೂರನೇ ಸಲ ಓದುವಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ. ಪರಿಚಯ ಇದೆ ಅಂದ ಮಾತ್ರಕ್ಕೆ ಪುಸ್ತಕ ಇಲ್ಲದೆ ಹೇಳಬಲ್ಲೆ ಅಂತ ಆಗಲಿಲ್ಲ. ಟೆಸ್ಟಲ್ಲಿ ಪುಸ್ತಕ ಇರುವುದಿಲ್ಲ.

ಎರಡು ಪುಟ ಓದು, ಮುಚ್ಚು. ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ನಿನ್ನ ಮಾತಲ್ಲೇ ಬರಿ. ಕಡಿಮೆ ನೆನಪಾದರೆ ಗಾಬರಿಯಾಗಬೇಡ, ಆ ಒದ್ದಾಟವೇ ಕಲಿಕೆ. ಆಮೇಲೆ ಪುಸ್ತಕ ತೆಗೆದು ಬಿಟ್ಟದ್ದನ್ನು ಬೇರೆ ಬಣ್ಣದಲ್ಲಿ ಸೇರಿಸು. ಎರಡು ದಿನ ಬಿಟ್ಟು, ಪುಸ್ತಕ ನೋಡದೆ, ಇನ್ನೊಮ್ಮೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ತಮಾಷೆ ಇದೆ: ಓದಿದ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು. ರಾತ್ರಿ ಓದಿ ಮಲಗುವಾಗ 'ಎಲ್ಲ ಬಂತು' ಅನ್ನಿಸಿದರೆ ಅದನ್ನು ಅಷ್ಟಾಗಿ ನಂಬಬೇಡ.

ಇನ್ನೊಂದು, ಪಾಠ ಶುರು ಮಾಡುವಾಗ ಉಪಶೀರ್ಷಿಕೆಗಳನ್ನು ಪ್ರಶ್ನೆ ಮಾಡಿಕೋ. 'ಕೈಗಾರಿಕಾ ಕ್ರಾಂತಿಯ ಪರಿಣಾಮಗಳು' ಅಂತಿದ್ದರೆ 'ಯಾರಿಗೆ ಏನು ಪರಿಣಾಮ ಆಯಿತು, ಯಾರಿಗೆ ಲಾಭ, ಯಾರಿಗೆ ನಷ್ಟ?' ಅಂತ. ಉತ್ತರ ಹುಡುಕುತ್ತಾ ಓದಿದರೆ ಮನಸ್ಸು ಅಲೆಯುವುದು ಕಡಿಮೆ.

ಪ್ರಶ್ನೆ: ನಾನು ಗಣಿತ ಮೇಷ್ಟ್ರು. ಓದೋದನ್ನು ಕಲಿಸುವುದು ಭಾಷಾ ಶಿಕ್ಷಕರ ಕೆಲಸ ಅಲ್ಲವೇ? ನಮಗೆ ಸಿಲಬಸ್ ಮುಗಿಸುವುದೇ ಕಷ್ಟ.

ಉತ್ತರ: ನಿಮ್ಮ ಕಷ್ಟ ಗೊತ್ತು. ಆದರೂ ಈ ಲೆಕ್ಕ ನೋಡಿ: 'ಅಕ್ಕನ ಬಳಿ ತಮ್ಮನಿಗಿಂತ 6 ಪೆನ್ಸಿಲ್ ಹೆಚ್ಚು ಇವೆ. ಅಕ್ಕನ ಬಳಿ 18 ಇವೆ. ತಮ್ಮನ ಬಳಿ ಎಷ್ಟು?' 'ಹೆಚ್ಚು' ಕಂಡ ತಕ್ಷಣ ಕೂಡಿಸಿ 24 ಅಂತ ಬರೆಯುವವರು ಹೈಸ್ಕೂಲಿನಲ್ಲೂ ಸಿಗುತ್ತಾರೆ. ಅವರಿಗೆ ಕಳೆಯುವುದು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ಎಲ್ಲೋ ಒಂದು ಕಡೆ 'ಹೆಚ್ಚು ಅಂದರೆ ಕೂಡಿಸು, ಉಳಿದದ್ದು ಅಂದರೆ ಕಳೆ' ಅಂತ ನಾವೇ ಹೇಳಿಕೊಟ್ಟಿದ್ದೇವೆ, ಮಕ್ಕಳು ವಾಕ್ಯ ಓದುವುದನ್ನು ಬಿಟ್ಟು ಪದ ಹುಡುಕುತ್ತಿದ್ದಾರೆ.

ಇದನ್ನು ಭಾಷಾ ಶಿಕ್ಷಕರು ಸರಿ ಮಾಡಲಾರರು. ಕಥೆ ಓದುವ ರೀತಿ ಬೇರೆ, ಲೆಕ್ಕ ಓದುವ ರೀತಿ ಬೇರೆ. ಕಥೆಯಲ್ಲಿ ಒಂದು ಪದ ಹಾರಿಸಿದರೂ ನಡೆಯುತ್ತದೆ, ಲೆಕ್ಕದಲ್ಲಿ 'ಕನಿಷ್ಠ' ಅನ್ನುವುದೊಂದು ಬಿಟ್ಟರೆ ಎಲ್ಲ ಕೆಟ್ಟಿತು. ವಾರಕ್ಕೆ ಒಂದು ಲೆಕ್ಕವನ್ನು ಸಂಖ್ಯೆಗಳನ್ನೇ ತೆಗೆದುಹಾಕಿ ಬೋರ್ಡಿನ ಮೇಲೆ ಬರೆಯಿರಿ. 'ಅಕ್ಕನ ಬಳಿ ತಮ್ಮನಿಗಿಂತ ಕೆಲವು ಪೆನ್ಸಿಲ್ ಹೆಚ್ಚು ಇವೆ.' ಯಾರ ಬಳಿ ಜಾಸ್ತಿ? ಚಿತ್ರ ಬರೆಯಿರಿ. ಸಂಖ್ಯೆ ಇಲ್ಲದಿದ್ದರೆ ಕೂಡಿಸಲು ಏನೂ ಇಲ್ಲ, ಓದಲೇಬೇಕು. ಹತ್ತು ನಿಮಿಷದ ಕೆಲಸ. ವಿಜ್ಞಾನದವರಿಗೂ ಇದೇ ಮಾತು: ಗೋಡೆಯನ್ನು ಎಷ್ಟೇ ನೂಕಿದರೂ ಅದು ಅಲುಗದಿದ್ದರೆ 'ಕೆಲಸ' ಸೊನ್ನೆ ಅಂತ ನಿಮ್ಮ ಪಾಠ ಹೇಳುತ್ತದೆ. ಬೆವರು ಸುರಿಸಿದ ಹುಡುಗನಿಗೆ ಇದನ್ನು ನೀವಲ್ಲದೆ ಯಾರು ಬಿಡಿಸಿ ಹೇಳಬೇಕು?

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಸದಾ ಮೊಬೈಲ್. ಅದರಲ್ಲೇ ಆಟದ ಸುದ್ದಿ, ಕಾಮಿಕ್ಸ್ ಓದುತ್ತಾನೆ. ಒಳ್ಳೆಯ ಪುಸ್ತಕ ಕೊಟ್ಟರೆ ಎರಡು ಪುಟಕ್ಕೆ ಬಿಡುತ್ತಾನೆ. ಇದನ್ನು ಓದು ಅನ್ನಬಹುದೇ? (ಒಬ್ಬ ತಾಯಿ)

ಉತ್ತರ: ಅನ್ನಬಹುದು. ಸದ್ಯಕ್ಕೆ ಅವನು ಓದುತ್ತಿರುವುದು ಅದನ್ನೇ ತಾನೇ? ಅದನ್ನು ಕಿತ್ತುಕೊಂಡರೆ ಅವನು ಒಳ್ಳೆಯ ಪುಸ್ತಕ ಹಿಡಿಯುತ್ತಾನೆ ಅನ್ನುವುದು ನಮ್ಮ ಆಸೆ ಅಷ್ಟೇ. ಅವನ ಇಷ್ಟದ ಆಟಗಾರನ ಬಗ್ಗೆ ಒಂದು ದೀರ್ಘ ಲೇಖನ, ಆಮೇಲೆ ಒಂದು ಜೀವನ ಕಥೆ, ಹೀಗೆ ಅವನಿರುವ ಕಡೆಯಿಂದಲೇ ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತಾ ಹೋಗಿ. ಎರಡು ಪುಟಕ್ಕೆ ಬಿಟ್ಟರೆ ಬಿಡಲಿ. ನಾವೂ ಬೇಕಾದಷ್ಟು ಪುಸ್ತಕ ಅರ್ಧಕ್ಕೇ ಬಿಟ್ಟಿದ್ದೇವೆ.

ಪಾಠದ ಓದು ಮಾತ್ರ ಆದಷ್ಟು ಕಾಗದದ ಮೇಲೇ ಇರಲಿ. 2018ರಲ್ಲಿ ಪಾಬ್ಲೊ ಡೆಲ್ಗಾಡೊ ಮತ್ತು ಇತರರು 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಮಾಹಿತಿಯ ಬರಹಗಳ ಗ್ರಹಿಕೆಯಲ್ಲಿ ಕಾಗದ ಪರದೆಗಿಂತ ಸ್ವಲ್ಪ ಮುಂದಿತ್ತು. ಬರೀ ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾಮಿಕ್ಸ್ ಮೊಬೈಲಿನಲ್ಲೇ ಓದಿಕೊಳ್ಳಲಿ ಬಿಡಿ.

ಮತ್ತೆ, ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. 'ಯಾರು ಗೆದ್ದರು? ಅವನನ್ನು ಯಾಕೆ ಟೀಮಿಂದ ತೆಗೆದರು?' ಅಂತ ನಿಜವಾಗಿ ತಿಳಿದುಕೊಳ್ಳುವುದಕ್ಕೆ ಕೇಳಿ.

ಪ್ರಶ್ನೆ: ನಿಮಿಷಕ್ಕೆ ಸಾವಿರ ಪದ ಓದಿಸುವ 'ಸ್ಪೀಡ್ ರೀಡಿಂಗ್' ಕೋರ್ಸಿಗೆ ಮಗಳನ್ನು ಸೇರಿಸಬಹುದೇ?

ಉತ್ತರ: ಬೇಡ. ಓದುವಾಗ ಕಣ್ಣು ಜಿಗಿದು ಜಿಗಿದು ನಿಲ್ಲುತ್ತದೆ, ಪ್ರತಿ ನಿಲುಗಡೆಗೂ ಸುಮಾರು ಕಾಲು ಸೆಕೆಂಡ್ ಬೇಕು. ಒಂದು ನೋಟಕ್ಕೆ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರ. ಕಣ್ಣಿನ ಚಲನೆಯನ್ನೇ ಬದುಕಿಡೀ ಅಧ್ಯಯನ ಮಾಡಿದ ಕೀತ್ ರೇನರ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಹೇಳಿದ್ದು, ವೇಗ ಹೆಚ್ಚಿಸಿದರೆ ಗ್ರಹಿಕೆ ಕಡಿಮೆಯಾಗುತ್ತದೆ ಅಂತಲೇ. ಬೇಕಾದ್ದನ್ನು ಹುಡುಕಲು ಪುಟದ ಮೇಲೆ ಕಣ್ಣಾಡಿಸುವುದು ಒಳ್ಳೆಯ ಅಭ್ಯಾಸ, ಅದಕ್ಕೆ ಕೋರ್ಸ್ ಬೇಕಿಲ್ಲ. ಪದಸಂಪತ್ತು ಬೆಳೆದಂತೆ ವೇಗ ತಾನಾಗಿ ಬರುತ್ತದೆ.

ಪ್ರಶ್ನೆ: ತರಗತಿಯಲ್ಲಿ ಸಾಲಾಗಿ ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತೇನೆ. ಇದು ತಪ್ಪು ಅಂತ ಹೊಸ ಸಹೋದ್ಯೋಗಿ ಹೇಳುತ್ತಾರೆ. ಹೌದೇ? (ಶಿಕ್ಷಕ)

ಉತ್ತರ: ಅವರ ಮಾತಿನಲ್ಲಿ ಹುರುಳಿದೆ ಸರ್. ನಾಲ್ಕನೇ ಬೆಂಚಿನ ಹುಡುಗಿಯನ್ನು ಗಮನಿಸಿ. ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಅಂತ ಎಣಿಸಿ ಅದನ್ನೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿರುತ್ತಾಳೆ. ಅವಳಿಗೆ ಮುಂಚಿನದೂ ಕೇಳುವುದಿಲ್ಲ, ಮುಗಿಸಿ ಕೂತ ಮೇಲೆ ಮುಂದಿನದೂ ಬೇಡ. ನಲವತ್ತು ನಿಮಿಷದಲ್ಲಿ ಒಂದೊಂದು ಮಗು ನಿಜವಾಗಿ ಓದಿದ್ದು ಒಂದು ನಿಮಿಷ. ಅದರ ಬದಲು ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರಿಗೊಬ್ಬರು ಓದಿ ಹೇಳಲಿ, ತರಗತಿಯ ಅರ್ಧ ಮಕ್ಕಳು ಒಂದೇ ಹೊತ್ತಿಗೆ ಓದುತ್ತಿರುತ್ತಾರೆ. ನೀವು ಓಡಾಡಿಕೊಂಡು ಕಿವಿಗೊಡಿ. ನಾಟಕ, ಪದ್ಯ ಇದ್ದಾಗ ಮಾತ್ರ ಎದ್ದು ನಿಂತು ಜೋರಾಗಿ ಓದಿಸಿ, ಅದೂ ಹಿಂದಿನ ದಿನವೇ ಭಾಗ ಹಂಚಿ, ಮನೆಯಲ್ಲಿ ಓದಿಕೊಂಡು ಬರಲು ಹೇಳಿ. ಗದ್ದಲ ಆಗುತ್ತದೆ ಅಂತ ಪಕ್ಕದ ಕ್ಲಾಸಿನವರು ಬಂದು ಕೇಳಿದರೆ, ಆ ಹೊಸ ಸಹೋದ್ಯೋಗಿಯನ್ನೇ ಮುಂದೆ ಬಿಡಿ!